ಗೇಣುದ್ದದ ಕಿಡಿ

ಕುವೆಂಪುನಗರದಲ್ಲಿ ನಮ್ಮ ಮನೆಯ ತಿರುವಿನಲ್ಲೇ ಒಂದು ಜೆರಾಕ್ಸ್ ಅಂಗಡಿ ಇದೆ. ಹೋದ ತಿಂಗಳು ಪಿಂಚಣಿಯ ಕಾಗದವೊಂದರ ಪ್ರತಿ ತೆಗೆಸಲು ಹೋಗಿದ್ದೆ. ಪರೀಕ್ಷೆಯ ಕಾಲ. ಹುಡುಗರು ಮುಗಿಬಿದ್ದು ಇಡೀ ಪುಸ್ತಕಗಳನ್ನೇ ಪ್ರತಿ ಮಾಡಿಸುತ್ತಿದ್ದರು. ಬೆಳಗಿನಿಂದ ಬಿಡುವಿಲ್ಲದೆ ಓಡಿದ ಯಂತ್ರ ಕಾದು, ಆ ಸಣ್ಣ ಅಂಗಡಿಯ ತುಂಬ ಒಂದು ವಾಸನೆ ಹಬ್ಬಿತ್ತು. ಮೂಗಿನೊಳಗೆ ಚುರುಕ್ಕೆನ್ನುವ, ಸಿಡಿಲು ಬಡಿದ ಮೇಲಿನ ಗಾಳಿಯಂಥ ವಾಸನೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನಿಗೆ ಅದು ಓಜೋನ್ ಎಂದು ಗೊತ್ತಾಗದೆ ಇರುತ್ತದೆಯೇ? ಆದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಗದ ಅಲ್ಲೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಂಗಡಿಯ ಹುಡುಗಿ ಓಡಿ ಬಂದು, "ಸಾರ್, ತಲೆ ಸುತ್ತು ಬಂತಾ? ನೀರು ಕೊಡ್ಲಾ?" ಎಂದಳು. ಏನಿಲ್ಲಮ್ಮ ಎಂದೆ. ಏನೂ ಇಲ್ಲದೆ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮೂರು ನರಸೀಪುರದ ಕಡೆಯ ಹಳ್ಳಿ. ಅಪ್ಪ ಭತ್ತದ ಗದ್ದೆ ಮಾಡುತ್ತಿದ್ದರು. ಊರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಮೈಸೂರಿನ ಚಾಮರಾಜಪುರದ ವಠಾರವೊಂದರ ಹಿತ್ತಲಲ್ಲಿ, ಮೊದಲು ಸೌದೆ ಒಟ್ಟುತ್ತಿದ್ದ ಕೋಣೆಯೊಂದು ನನಗೆ ಬಾಡಿಗೆಗೆ ಸಿಕ್ಕಿತ್ತು. ಅದರಲ್ಲಿ ಒಂದು ಬಲ್ಬು, ಒಂದು ಪ್ಲಗ್ಗು. ಆ ಪ್ಲಗ್ಗಿಗಾಗಿಯೇ ನಾನು ಆ ಕೋಣೆಯನ್ನು ಒಪ್ಪಿಕೊಂಡಿದ್ದೆ ಎಂದರೆ ಸುಳ್ಳಲ್ಲ.

ವಠಾರದ ಒಡೆಯರು ಸುಬ್ಬರಾಯರು. ಅರಮನೆಯ ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸಿ ನಿವೃತ್ತರಾದವರು. ಎತ್ತರದ ಆಳು, ಮಾತು ಕಡಿಮೆ. ಅವರ ಹೆಂಡತಿ ಕಾಮಾಕ್ಷಮ್ಮ. ಹಬ್ಬದ ದಿನ ನನ್ನನ್ನು ಕರೆದು ಹಿತ್ತಲ ಜಗುಲಿಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಜಾನಕಿ. ತಂದೆಯೇ ಕೂರಿಸಿಕೊಂಡು ಸಂಗೀತ ಹೇಳಿಕೊಟ್ಟಿದ್ದರಂತೆ. ಅದೇ ವಾದ್ಯಗೋಷ್ಠಿಯಲ್ಲಿದ್ದ ಬೇರೆ ಜಾತಿಯ ಹುಡುಗನೊಬ್ಬನನ್ನು ಅವಳು ಮದುವೆಯಾಗಿ ಬೆಂಗಳೂರಿಗೆ ಹೋದಳು. ನಾನು ಬರುವುದಕ್ಕೆ ಮೊದಲೇ ನಡೆದ ಸಂಗತಿ ಇದು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ನಡುಮನೆಯ ಮೂಲೆಯಲ್ಲಿ ತಂಬೂರಿಗೆ ಗವಸು ಹಾಕಿ ಒರಗಿಸಿದ್ದರು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಕಾಲೇಜಿನ ಲೈಬ್ರರಿಯಲ್ಲಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಟೆಸ್ಲಾ ಕಾಯಿಲ್ ಎಂಬುದರ ಚಿತ್ರ ನೋಡಿದ್ದೆ. ಮನೆಯಲ್ಲೇ ಮಾಡಬಹುದಾದ ಪುಟ್ಟ ಯಂತ್ರ. ಅದರ ತುದಿಯಿಂದ ನೇರಳೆ ಮಿಂಚು ಗಾಳಿಗೆ ಹಾರುತ್ತದೆ. ಬುಡ್ಡಿ ದೀಪದಲ್ಲಿ ಓದಿ ಬೆಳೆದವನ ಕೈಗೆ ಮಿಂಚು ಸಿಗುತ್ತದೆಂದರೆ ಹುಚ್ಚು ಹಿಡಿಯದೆ ಇರುತ್ತದೆಯೇ? ನನ್ನ ಜೊತೆ ಸೇರಿದವನು ಸಹಪಾಠಿ ಅನ್ವರ್. ಅವನ ಅಣ್ಣ ಸಿನಿಮಾ ಟಾಕೀಸುಗಳ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಿದ್ದರು.

ಆಷಾಢದಲ್ಲಿ ಕೆಲಸ ಶುರುವಾಯಿತು. ಆ ವರ್ಷ ಜಡಿ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಚಾಮುಂಡಿ ಬೆಟ್ಟ ದಿನವೆಲ್ಲ ಮೋಡದೊಳಗೆ. ಶುಕ್ರವಾರ ಬೆಟ್ಟಕ್ಕೆ ಹೋಗಿ ಬಂದವರು ನೆಂದ ಸೀರೆ ಪಂಚೆಗಳಲ್ಲೇ ನಮ್ಮ ಬೀದಿಯಲ್ಲಿ ಹಾಯುತ್ತಿದ್ದರು. ನಾವು ಬಾಗಿಲು ಮುಚ್ಚಿಕೊಂಡು ರಟ್ಟಿನ ಕೊಳವೆಯ ಮೇಲೆ ಕೂದಲಿನಂಥ ತಾಮ್ರದ ತಂತಿ ಸುತ್ತುತ್ತಿದ್ದೆವು. ಸುತ್ತಿನ ಪಕ್ಕದಲ್ಲೇ ಸುತ್ತು ಕೂರಬೇಕು, ಒಂದರ ಮೇಲೊಂದು ಏರಬಾರದು. ಅನ್ವರ್ ಕೊಳವೆ ತಿರುಗಿಸುವುದು, ನಾನು ಉಗುರಿನಿಂದ ತಂತಿ ಒತ್ತುವುದು. ಸುತ್ತಿ ಮುಗಿದ ಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದೆವು. ಆ ಥಂಡಿಯಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಕಾಮಾಕ್ಷಮ್ಮ ಕನಿಕರದಿಂದ ಬಾಣಂತಿಯ ಮಂಚದಡಿ ಇಡುವ ಅಗ್ಗಿಷ್ಟಿಕೆ ತಂದುಕೊಟ್ಟು, "ಕೂಸಿಗೆ ಕಾಯಿಸಿದ ಹಾಗೆ ಕಾಯಿಸ್ತಿದೀರಲ್ಲೋ!" ಎಂದು ನಕ್ಕರು. ಕಿಟಕಿಯ ಗಾಜುಗಳ ನಡುವೆ ಟೀ ಪೆಟ್ಟಿಗೆಯ ತವರದ ಹಾಳೆ ಇಟ್ಟು ವಿದ್ಯುತ್ತನ್ನು ಕೂಡಿಡುವ ಕಂಡೆನ್ಸರ್ ಮಾಡಿಕೊಂಡೆವು. ಕಿಡಿ ಹಾರಲು ಎದುರುಬದುರಾಗಿ ಎರಡು ಹಿತ್ತಾಳೆ ಗುಬುಟು. ಕೊಳವೆಯ ನೆತ್ತಿಗೆ ಒಂದು ನುಣುಪಾದ ಗುಂಡು ಬೇಕಿತ್ತು. ಅದಕ್ಕೆ ಕಾಮಾಕ್ಷಮ್ಮನವರೇ ತಳ ಸೋರುತ್ತಿದ್ದ ಹಿತ್ತಾಳೆ ಚೆಂಬೊಂದನ್ನು ಕೊಟ್ಟರು.

ಮೊದಮೊದಲು ಹಳೆಯ ಕಾರಿನ ಕಿಡಿ ಹೊತ್ತಿಸುವ ಕಾಯಿಲ್ ಒಂದರಿಂದ ನಡೆಸಿದೆವು. ಬಂದದ್ದು ಇರುವೆ ಮೀಸೆಯಷ್ಟು ಕಿಡಿ. ಗುಬುಟುಗಳನ್ನು ದೂರ ಸರಿಸಿದರೆ ಕಿಡಿಯೇ ಇಲ್ಲ, ಹತ್ತಿರ ತಂದರೆ ಜೀವವಿಲ್ಲ. ಕೆಳಗಿನ ದಪ್ಪ ತಂತಿಯ ಸುರುಳಿಯೂ ಮೇಲಿನ ಸಣ್ಣ ತಂತಿಯ ಸುರುಳಿಯೂ ಒಂದೇ ಲಯದಲ್ಲಿ ತೂಗಬೇಕು. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ನೂಕಿದ ಹಾಗೆ. ಎಲ್ಲಿ ತಂತಿಯ ಕೊಕ್ಕೆ ಸಿಕ್ಕಿಸಿದರೆ ಆ ಲಯ ಕೂಡುತ್ತದೆ ಎಂದು ಸುರುಳಿಯ ಮೇಲೆ ಸುತ್ತಿನಿಂದ ಸುತ್ತಿಗೆ ಹುಡುಕುವುದೇ ನಮ್ಮ ಕೆಲಸವಾಯಿತು. ಹಿತ್ತಲ ಬಚ್ಚಲ ಹತ್ತಿರದ ತೇವದ ನೆಲಕ್ಕೆ ತಾಮ್ರದ ಸಲಾಕೆ ಹೊಡೆದು ಭೂಮಿಗೆ ಸಂಪರ್ಕ ಕೊಟ್ಟ ದಿನ ಕಿಡಿ ಒಂದು ಬೆರಳಿನಷ್ಟಾಯಿತು. ನಾವಿಬ್ಬರೂ ಕುಣಿದಾಡಿದೆವು.

ಆ ಸಂಜೆಯೇ ಶ್ಯಾಮಣ್ಣನವರು ಕೋಣೆಯ ಬಾಗಿಲು ತಟ್ಟಿದರು. ಅವರು ನಿವೃತ್ತ ಶಿರಸ್ತೇದಾರರು, ಎದುರು ಮನೆಯವರು. ವಠಾರಕ್ಕೆಲ್ಲ ಇದ್ದ ಒಂದೇ ರೇಡಿಯೋ ಅವರದು.

"ಏನಯ್ಯಾ ಪುಟ್ಟಸ್ವಾಮಿ, ವಾರ್ತೆ ಕೇಳೋಣ ಅಂದ್ರೆ ಒಳಗೆ ಹುರಿಗಡಲೆ ಹುರಿದ ಹಾಗೆ ಕರಕರ ಅಂತಿದೆ. ನಿಮ್ಮ ಪ್ರಯೋಗದ್ದೇ ತಾನೆ?"

ಹೌದೆಂದು ನನಗೆ ಗೊತ್ತಿತ್ತು. ಕಿಡಿಯೆಂದರೆ ಅದೇ ಒಂದು ಒರಟು ಪ್ರಸಾರ ಕೇಂದ್ರ. ಅದು ಹಾರಿದಾಗ ಸುತ್ತಲಿನ ರೇಡಿಯೋಗಳು ಬೇರೆ ಏನನ್ನೂ ಕೇಳಿಸಲಾರವು. ತಪ್ಪಾಯಿತು ಎಂದೆ. ಸಂಜೆ ರೇಡಿಯೋ ಹಾಕುವ ಹೊತ್ತಿನಲ್ಲಿ ಯಂತ್ರ ಮುಟ್ಟುವುದಿಲ್ಲವೆಂದು ಮಾತು ಕೊಟ್ಟೆ. ಅವರು ಒಳ್ಳೆಯವರು. "ಮಾಡಿ, ಮಾಡಿ, ಬೇಡ ಅನ್ನಲ್ಲ. ಮಧ್ಯಾಹ್ನ ಮಾಡ್ಕೊಳ್ಳಿ," ಎಂದು ಹೋದರು. ಸುಬ್ಬರಾಯರು ಮಾತ್ರ ಒಂದು ದಿನ ಬಾಗಿಲಲ್ಲಿ ನಿಂತು, ಕಿಡಿಯ ಗುಂಯ್‌ಗಾಟವನ್ನು ಸ್ವಲ್ಪ ಹೊತ್ತು ಕೇಳಿ, "ಶ್ರುತಿ ನಿಲ್ತಾ ಇಲ್ಲ ಕಣಯ್ಯ," ಎಂದಷ್ಟೇ ಹೇಳಿ ಹಿಂತಿರುಗಿದ್ದರು.

ದಸರಾ ಕಳೆಯಿತು. ಟಾಕೀಸೊಂದರ ಹೆಸರಿನ ಹಲಗೆಗೆ ಹೊಸ ಬಣ್ಣ ಹೊಡೆಯಲು ಅದರ ನಿಯಾನ್ ದೀಪಗಳನ್ನು ಇಳಿಸಿದ್ದರು. ಅನ್ವರ್ ಅಣ್ಣನನ್ನು ಕಾಡಿ ಬೇಡಿ ಕರೆಂಟಿನ ಒತ್ತಡವನ್ನು ಎಷ್ಟೋ ಪಟ್ಟು ಏರಿಸುವ ಆ ದೀಪಗಳ ಟ್ರಾನ್ಸ್‌ಫಾರ್ಮರನ್ನು ಕೆಲವು ದಿನಗಳ ಮಟ್ಟಿಗೆ ತಂದ. ಕಬ್ಬಿಣದ ಗುಂಡುಕಲ್ಲಿನಂತಿತ್ತು. ನಮ್ಮ ಹಣೆಬರಹ, ಅದು ಬಂದ ದಿನದಿಂದ ಮತ್ತೆ ಮಳೆ. ತೇವದಲ್ಲಿ ಗಾಜಿನ ಅಂಚಿನ ಮೇಲೆಲ್ಲ ವಿದ್ಯುತ್ತು ಹರಿದು ಸೋರಿಹೋಗುತ್ತಿತ್ತು. ಇನ್ನು ಮಾರನೆಯ ಬೆಳಗ್ಗೆ ಹಿಂದಿರುಗಿಸಬೇಕು ಎನ್ನುವ ದಿನ ಮಧ್ಯಾಹ್ನ ಮೋಡ ಹರಿದು, ಒಣ ಗಾಳಿ ಬೀಸಿ, ಬಿಸಿಲು ಬಂತು. ಎಲ್ಲವನ್ನೂ ಅಂಗಳದಲ್ಲಿ ಹರವಿ ಒಣಗಿಸಿದೆವು. ಮತ್ತೆ ಜೋಡಿಸಿ ಮುಗಿಸುವ ಹೊತ್ತಿಗೆ ಸಂಜೆ ದೀಪ ಹಚ್ಚಿಯಾಗಿತ್ತು.

"ಬೇಡ ಕಣೋ ಅನ್ವರ್, ಶ್ಯಾಮಣ್ಣೋರಿಗೆ ಮಾತು ಕೊಟ್ಬುಟ್ಟಿವ್ನಿ," ಎಂದೆ.

"ನಾಳೆ ಬೆಳಗ್ಗೆ ಇದು ಇರಲ್ಲ. ನೀನೇ ನೋಡು ಇನ್ನೇನು ಮಾಡೋದು ಅಂತ."

ಅವನು ಬಲವಂತ ಮಾಡಲಿಲ್ಲ. ಆ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನಾನೇ ಯೋಚಿಸಿದೆ. ಒಂದು ದಿನ ವಾರ್ತೆ ತಪ್ಪಿದರೆ ಶ್ಯಾಮಣ್ಣನವರಿಗೆ ಏನಾದೀತು, ನಾಳೆ ಹೋಗಿ ಕಾಲಿಗೆ ಬಿದ್ದರಾಯಿತು ಎಂದುಕೊಂಡೆ. ಸ್ವಿಚ್ ಹಾಕಿದವನು ನಾನು.

ಮೊದಲು ಅರ್ಧ ಗೇಣಿನ ಕಿಡಿ ಬಂತು. ಆಫ್ ಮಾಡಿ ಕೊಕ್ಕೆಯನ್ನು ಅರ್ಧ ಸುತ್ತು ಸರಿಸಿದೆ. ಮತ್ತೆ ಹಾಕಿದೆ. ಕಿಡಿ ಕೆಳಗಿನ ಸುರುಳಿಗೇ ಹಾರುತ್ತಿತ್ತು. ಕೊಳವೆಯನ್ನು ಮರದ ತುಂಡಿನ ಮೇಲೆ ಏರಿಸಿ ಅಂತರ ಹೆಚ್ಚಿಸಿದೆವು. ಗುಬುಟುಗಳನ್ನು ಕೂದಲೆಳೆಯಷ್ಟು ಅಗಲಿಸಿದೆವು. ಆಮೇಲೆ ಹಾಕಿದಾಗ ಚೆಂಬಿನ ಅಂಚಿನಿಂದ ನೇರಳೆ ಬಣ್ಣದ ಮಿಂಚು ಕವಲೊಡೆದು ಗೇಣುದ್ದ ಹಾರಿತು. ನಿಲ್ಲಲಿಲ್ಲ. ಬೇರುಗಳಂತೆ ಗಾಳಿಯಲ್ಲಿ ತಡಕಾಡುತ್ತ, ಮಾಯುತ್ತ, ಮತ್ತೆ ಹುಟ್ಟುತ್ತ ಇತ್ತು. ಕೋಣೆಯಲ್ಲಿ ಆ ಚುರುಕು ವಾಸನೆ ತುಂಬಿತು. ಅನ್ವರ್ ಹಿಡಿದಿದ್ದ ಟ್ಯೂಬ್‌ಲೈಟು ಯಾವ ತಂತಿಯೂ ಇಲ್ಲದೆ ಅವನ ಕೈಯಲ್ಲೇ ಬೆಳಗಿತು. ಅವನು "ಯಾ ಅಲ್ಲಾ" ಎಂದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕಿಂತ ದೊಡ್ಡ ಸಂತೋಷ ನನ್ನ ಜೀವನದಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ. ಮತ್ತೆ ಮತ್ತೆ ಹಾಕಿದೆವು.

ಯಾರನ್ನಾದರೂ ಕರೆದು ತೋರಿಸಬೇಕೆಂದು ಬಾಗಿಲು ತೆರೆದು ಅಂಗಳಕ್ಕೆ ಓಡಿದೆ. ಶ್ಯಾಮಣ್ಣನವರ ಮನೆಯಿಂದ ಸುಬ್ಬರಾಯರು ಇಳಿದು ಬರುತ್ತಿದ್ದರು. ಅರಮನೆಗೆ ತೊಡುತ್ತಿದ್ದ ಮುಚ್ಚುಗೊರಳಿನ ಕಪ್ಪು ಕೋಟು, ತಲೆಗೆ ಜರಿ ರುಮಾಲು. ಸಂಗೀತ ಕಚೇರಿಗೆ ಹೊರಟವರ ಹಾಗಿದ್ದರು. ಹಿಂದೆ ಕಾಮಾಕ್ಷಮ್ಮ, ಬಾಯಿಗೆ ಸೆರಗು ಒತ್ತಿಕೊಂಡು. ಇಬ್ಬರೂ ನನ್ನನ್ನು ದಾಟಿ ಒಳಗೆ ಹೋದರು.

ಶ್ಯಾಮಣ್ಣನವರು ಹೊಸ್ತಿಲಲ್ಲಿ ನಿಂತಿದ್ದರು. ಬಯ್ಯುವ ದನಿಯೇ ಇರಲಿಲ್ಲ ಅವರಲ್ಲಿ.

"ಮಾತು ಕೊಟ್ಟಿದ್ದೆಯಲ್ಲೋ ಪುಟ್ಟಸ್ವಾಮಿ. ಇವತ್ತು ಜಾನಕಿ ಹಾಡುಗಾರಿಕೆ ಇತ್ತು. ಬೆಂಗಳೂರು ನಿಲಯದಿಂದ. ಮೊದಲನೇ ಸಲ."

ಆಮೇಲೆ ಅವರು ಹೇಳಿದ್ದನ್ನು ನಿಂತಲ್ಲೇ ನಿಂತು ಕೇಳಿದೆ. ಪತ್ರಿಕೆಯ ರೇಡಿಯೋ ಕಾರ್ಯಕ್ರಮಗಳ ಮೂಲೆಯಲ್ಲಿ ಅವಳ ಹೆಸರು ನೋಡಿ ಶ್ಯಾಮಣ್ಣನವರೇ ಕಾಮಾಕ್ಷಮ್ಮನಿಗೆ ತಿಳಿಸಿದ್ದರು. ಆಕೆ ಹೆದರುತ್ತ ಹೆದರುತ್ತ ಗಂಡನ ಮುಂದೆ ಆ ಸುದ್ದಿ ಎತ್ತಿದ್ದರು. ಸಂಜೆಯಾಗುತ್ತಲೇ ರಾಯರು ತಾವೇ ಪೆಟ್ಟಿಗೆಯಿಂದ ಕೋಟು ತೆಗೆದು ಹಾಕಿಕೊಂಡು, "ನಡಿ," ಎಂದರಂತೆ. ರೇಡಿಯೋದಲ್ಲಿ ಮಗಳ ಹೆಸರು ಕೇಳಿತು. ತಂಬೂರಿ ಕೇಳಿತು. ಕಾಂಬೋಧಿ ರಾಗದ ಆಲಾಪನೆ ಎರಡು ಉಸಿರಿನಷ್ಟು ಕೇಳಿತು. ಮುಂದೆಲ್ಲ ಕರಕರ. ಶ್ಯಾಮಣ್ಣನವರು ಗುಂಡಿ ತಿರುಗಿಸಿದಷ್ಟೂ ಅದೇ. ನಾನು ಮಾತು ಕೊಟ್ಟಿದ್ದರಿಂದ ಅದು ಮಳೆಗಾಲದ ಗದ್ದಲವೆಂದೇ ತಿಳಿದಿದ್ದ ಅವರಿಗೆ, ನಾನು ಬಾಗಿಲು ತೆರೆದಾಗಲೇ ನಿಜ ಗೊತ್ತಾದದ್ದು. ನಡುವೆ ಒಮ್ಮೆ ನಿಂತು, ಅವಳ ದನಿ ಮೇಲೆದ್ದ ಹಾಗಾಗಿ, ಮತ್ತೆ ಮುಚ್ಚಿಹೋಯಿತು. ನಾನು ಆಗ ಕೊಕ್ಕೆ ಸರಿಸುತ್ತಿದ್ದೆ. ಸುಬ್ಬರಾಯರು ರೇಡಿಯೋದ ಕಡೆಗೆ ಬಾಗಿ ಬಹಳ ಹೊತ್ತು ಕೂತಿದ್ದು, ಕೊನೆಗೆ ಎದ್ದು, "ಕೇಳಬಾರದು ಅಂತಿದೆ. ನಡಿ," ಎಂದರಂತೆ.

ಆಗೆಲ್ಲ ಹಾಡುವುದು ನೇರ ಪ್ರಸಾರ. ಹಾಡಿದ್ದು ಹಾಡಿದಾಗಲೇ ಮುಗಿಯಿತು. ಮತ್ತೆ ಹಾಕಿ ಕೇಳಿಸುವ ಮಾತಿಲ್ಲ.

ಬೆಳಗ್ಗೆ ಅನ್ವರ್ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋದ. ನಾನು ಕಾಮಾಕ್ಷಮ್ಮನ ಮುಂದೆ ಹೋಗಿ ನಿಂತೆ. ಆಕೆ ಒಲೆಯ ಮುಂದಿನಿಂದ ಏಳದೆಯೇ, "ನನಗೆ ಗೊತ್ತಾಯ್ತಪ್ಪ. ಅವರಿಗೆ ಹೋಗಿ ಹೇಳು. ಅವರು ಆ ಕರಕರ ಮಳೆಗಾಲದ್ದು ಅಂತ ತಿಳ್ಕೊಂಡಿದಾರೆ," ಎಂದರು.

ಸುಬ್ಬರಾಯರು ಜಗುಲಿಯಲ್ಲಿ ಕೂತಿದ್ದರು. ಹೇಳಿದೆ. ತಡೆದು ತಡೆದು, ಮಾತು ಕೊಟ್ಟಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಕೋಣೆ ಖಾಲಿ ಮಾಡು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಬೀದಿಯನ್ನೇ ನೋಡುತ್ತಿದ್ದು ಕೇಳಿದರು:

"ಹಾಗಾದರೆ ಅವಳ ಹಾಡು ಸರಿಯಾಗೇ ಬರ್ತಿತ್ತು ಅನ್ನು. ಬೇರೆ ಕಡೆಯೋರಿಗೆಲ್ಲ ಕೇಳಿಸಿರುತ್ತೆ."

"ಕೇಳಿಸಿರ್ತದೆ, ರಾಯರೇ."

"ಮತ್ತೆ ಯಾವಾಗ ಹಾಡ್ತಾಳಂತೆ?"

ಕಲಾವಿದರಿಗೆ ಸರದಿ ಬರಲು ಕೆಲವು ತಿಂಗಳು ಬೇಕೆಂದು ಶ್ಯಾಮಣ್ಣನವರು ಹೇಳಿದ್ದರು. ಅದನ್ನೇ ಹೇಳಿ, ಧೈರ್ಯ ಮಾಡಿ, "ಅಲ್ಲೀಗಂಟ ಯಾಕೆ ರಾಯರೇ, ಅವರನ್ನೇ ಒಂದ್ಸಲ ಬರಾಕೆ ಹೇಳಬೌದಲ್ಲ," ಎಂದೆ.

"ಹಾಡು ಕೇಳ್ತೀನಿ ಅಂದೆ. ಬರಲಿ ಅಂದೆನಾ?" ಎಂದು ಗದರಿದರು. ಆಮೇಲೆ ದನಿ ಇಳಿಸಿ, "ಮೊದಲು ಹಾಡು ಕೇಳೋಣ," ಎಂದರು.

ಆ ಮಾತನ್ನು ನಾನು ಹಿಡಿದುಕೊಂಡೆ. ಯಂತ್ರವನ್ನು ಬಿಚ್ಚಿದೆ. ಅದರ ತಾಮ್ರದ ತಂತಿಯನ್ನೇ ಬಳಸಿ, ಶ್ಯಾಮಣ್ಣನವರ ಮಾಡಿನಿಂದ ಹಿತ್ತಲ ತೆಂಗಿನ ಮರಕ್ಕೆ ಎತ್ತರದ ಏರಿಯಲ್ ಕಟ್ಟಿದೆ. ಬೆಂಗಳೂರು ನಿಲಯ ಪಕ್ಕದ ಬೀದಿಯಲ್ಲಿದ್ದಂತೆ ಕೇಳತೊಡಗಿತು. ಸುಬ್ಬರಾಯರು ಬೆಳಗ್ಗೆ ಹಲ್ಲುಜ್ಜುವಾಗ ಕತ್ತೆತ್ತಿ ಆ ತಂತಿ ನೋಡುವರು. "ಗಾಳಿಗೆ ಜೋತು ಬಿದ್ದಿದೆಯೇನೋ, ನೋಡು," ಎನ್ನುವರು. ನಾನು ಮರ ಹತ್ತಿ ಬಿಗಿದು ಬರುತ್ತಿದ್ದೆ. ಇನ್ನೇನು, ನನ್ನ ತಪ್ಪು ತೀರುವ ದಿನ ಬರುತ್ತದೆ ಎಂದು ನಂಬಿದ್ದೆ.

ಮಾರ್ಗಶಿರದ ಚಳಿ ಆ ಸಲ ಬಿರುಸಾಗಿತ್ತು. ಮಂಜು ಹತ್ತು ಗಂಟೆಯಾದರೂ ಕರಗುತ್ತಿರಲಿಲ್ಲ. ಸುಬ್ಬರಾಯರಿಗೆ ನೆಗಡಿ ಎದೆಗಿಳಿದು ಜ್ವರ ಬಂತು. ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಕೊನೆಗೆ ನಾನೂ ಶ್ಯಾಮಣ್ಣನವರೂ ಜಟಕಾ ತರಿಸಿ ಒಯ್ದೆವು. ಅಷ್ಟು ಹೊತ್ತಿಗೆ ತಡವಾಗಿತ್ತು; ಅವರು ಉಳಿಯಲಿಲ್ಲ. ಜಾನಕಿಗೆ ಟೆಲಿಗ್ರಾಂ ಕೊಟ್ಟವನು ನಾನೇ.

ಅವರನ್ನು ನಾನು ಮೊದಲ ಸಲ ನೋಡಿದ್ದು ಆಗ. ತಂದೆಯಂತೆಯೇ ಎತ್ತರ. ಗಂಡನೂ ಬಂದಿದ್ದರು; ಜಗುಲಿಯಿಂದ ಒಳಗೆ ಬರಲು ಹಿಂಜರಿದು ನಿಂತವರನ್ನು ಕಾಮಾಕ್ಷಮ್ಮನೇ ಕೈ ಹಿಡಿದು ಕರೆದುಕೊಂಡರು. ಕರ್ಮಗಳೆಲ್ಲ ಮುಗಿದ ಮಾರನೆಯ ದಿನ ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ತಾಯಿ ಮಗಳು ಬಚ್ಚಲ ಕಟ್ಟೆಯ ಮೇಲೆ ಕೂತಿದ್ದರು.

"ಅಪ್ಪ ನನ್ನ ಹಾಡು ಕೇಳಲೇ ಇಲ್ವಲ್ಲಮ್ಮ," ಎಂದರು ಜಾನಕಿ.

"ಕೇಳಿದ್ರು ಕಣೇ," ಎಂದರು ಕಾಮಾಕ್ಷಮ್ಮ. ಅವರ ದನಿ ಒಂದಿಷ್ಟೂ ನಡುಗಲಿಲ್ಲ. "ಕೋಟು ರುಮಾಲು ಹಾಕ್ಕೊಂಡು ಶ್ಯಾಮಣ್ಣನೋರ ಮನೇಲಿ ಕೂತು ಪೂರ್ತಿ ಕೇಳಿದ್ರು. ಬೇಕಾದ್ರೆ ಪುಟ್ಟಸ್ವಾಮೀನ ಕೇಳು, ಅವನೂ ಇದ್ದ."

ಜಾನಕಿ ನನ್ನ ಕಡೆ ತಿರುಗಿದರು. ಹಗ್ಗ ನನ್ನ ಕೈಯಲ್ಲೇ ನಿಂತುಹೋಯಿತು. ಕಾಮಾಕ್ಷಮ್ಮ ನನ್ನನ್ನು ನೋಡಲೂ ಇಲ್ಲ.

"ಹೌದೇನ್ರೀ? ಏನಂದ್ರು ಅಪ್ಪ?"

ಚೆನ್ನಾಗಿತ್ತು ಅಂದರು ಎನ್ನಲು ಬಾಯಿ ತೆರೆದೆ. ಆದರೆ ಆ ಮನುಷ್ಯ ಯಾರ ಹಾಡನ್ನೂ ಚೆನ್ನಾಗಿತ್ತು ಎಂದವರಲ್ಲ. ಅದನ್ನು ಅವರ ಮಗಳು ನಂಬುವುದಿಲ್ಲ ಎಂದು ಆ ಗಳಿಗೆಯಲ್ಲಿ ಹೇಗೋ ಹೊಳೆಯಿತು.

"ಪಲ್ಲವೀಲಿ ಓಡಿದ್ಳು, ಅವಸರ ಅವಳಿಗೆ, ಅಂದ್ರು," ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಅಳುತ್ತಲೇ ನಕ್ಕುಬಿಟ್ಟರು. "ಹೌದಮ್ಮ, ಓಡಿದೆ! ಗಡಿಯಾರ ನೋಡಿ ಹೆದರಿಕೆಯಾಗಿ ಓಡಿದೆ. ಅಪ್ಪಂಗೆ ಗೊತ್ತಾಗೋಯ್ತು ನೋಡು!" ಎಂದು ತಾಯಿಯ ತೊಡೆಯ ಮೇಲೆ ತಲೆಯಿಟ್ಟರು. ನಾನು ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಕೋಣೆಗೆ ಹೋದೆ.

ಅವರು ಬೆಂಗಳೂರಿಗೆ ಹೊರಟ ಮೇಲೆ ಕಾಮಾಕ್ಷಮ್ಮನಿಗೆ ಹೇಳಿದೆ: "ಅಮ್ಮ, ನನ್ನಿಂದ ಆಯ್ತಾ ಇಲ್ಲ. ಬೆಂಗಳೂರಿಗೆ ಹೋಗಿ ನಿಜ ಹೇಳ್ಬುಡ್ತೀನಿ."

ಆಕೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಆ ಮನೆಯಲ್ಲಿ ನನಗೆ ಗಡುಸಾಗಿ ಮಾತಾಡಿದ್ದು ಅದೊಂದೇ ಸಲ.

"ಹೇಳಿದ್ರೆ ನಿನಗೆ ಹಗುರ ಆಗುತ್ತೆ. ಅವಳಿಗೇನು ಉಳಿಯುತ್ತೆ? ನೀನು ತಂದ ಭಾರ, ನೀನೇ ಇಟ್ಕೊ."

ಇಟ್ಟುಕೊಂಡೆ. ಕಾಮಾಕ್ಷಮ್ಮ ಮಗಳ ಮನೆಯಲ್ಲಿ ಬಹಳ ವರ್ಷ ಬದುಕಿ ಹೋದರು. ಜಾನಕಿ ಗಂಡನ ಜೊತೆ ಮೈಸೂರಿಗೆ ಹಿಂದಿರುಗಿ, ಗೋಕುಲಂನಲ್ಲಿ ಮನೆ ಮಾಡಿ, ಮಕ್ಕಳಿಗೆ ಸಂಗೀತ ಕಲಿಸತೊಡಗಿದರು. ದೊಡ್ಡ ಹೆಸರು ಬಂದಿತು. ಹೋದ ವರ್ಷ ಅವರೂ ತೀರಿಕೊಂಡರು. ಇದನ್ನು ಬರೆದರೆ ಈಗ ನೋಯುವವರು ಯಾರೂ ಇಲ್ಲ. ಬರೆದದ್ದರಿಂದ ನನಗೇನೂ ಹಗುರವಾಗಿಯೂ ಇಲ್ಲ.

ನಾನು ಆಗಾಗ ಅವರ ಮನೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಪಾಠ ನಿಲ್ಲಿಸಿ, "ಇವರು ನಮ್ಮಪ್ಪನ ಜೊತೆ ಕೂತು ನನ್ನ ಮೊದಲ ಕಾರ್ಯಕ್ರಮ ಕೇಳಿದೋರು," ಎಂದು ಮಕ್ಕಳಿಗೆ ಪರಿಚಯಿಸುವರು. ಮಕ್ಕಳು ಎದ್ದು ನಮಸ್ಕಾರ ಮಾಡುವರು. ಮತ್ತೆ ಪಾಠ ಸಾಗುವುದು. ಯಾವುದಾದರೂ ಮಗು ಪಲ್ಲವಿಯಲ್ಲಿ ಅವಸರ ಮಾಡಿದರೆ ಜಾನಕಿ ತಾಳದ ಕೈಯನ್ನು ಎತ್ತಿ ಹಿಡಿದು, "ಓಡಬೇಡಮ್ಮ, ನಮ್ಮಪ್ಪ ರೇಡಿಯೋದಲ್ಲಿ ಕೇಳಿ ಹೇಳಿದ್ದು ಅದೊಂದೇ ಮಾತು," ಎನ್ನುವರು. ಮಕ್ಕಳು ಮೊದಲಿನಿಂದ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಅದರ ಜಾಗದಲ್ಲಿ ಕೂರಿಸಿ ಹಾಡುತ್ತಿದ್ದರು. ಮುಗಿಯುವವರೆಗೂ ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ.